ಹೊರದೇಶದ ಸವತಿ

"ನಿಮ್ಮ ಯಜಮಾನರು ಹೊರದೇಶದಲ್ಲಿ ಇನ್ನೊಂದು ಮದುವೆ ಮಾಡಿಕೊಂಡು ಸುಖವಾಗಿದ್ದಾರಂತೆ," ಎಂದು ವಕೀಲಮ್ಮ ಒಂದೇ ಉಸಿರಿಗೆ ಹೇಳಿ ಮುಗಿಸಿದರು. "ನಾನು ಹೇಳ್ತಿರೋದಲ್ಲ ಅಕ್ಕಾ. ಸರ್ಕಾರ ಹಾಗಂತ ಉತ್ತರ ಕೊಟ್ಟಿದೆ."

ಅತ್ತೆ ಸೊಸೆ ಇಬ್ಬರೂ ಹಾಸಿಗೆ ಹೊಲಿಯುತ್ತಿದ್ದರು. ಹತ್ತಿ ತುಂಬಿದ ಹಾಸಿಗೆಯನ್ನು ಮಗ್ಗುಲಾಗಿ ನಿಲ್ಲಿಸಿಕೊಂಡು, ಈಚೆಯಿಂದ ಸೊಸೆ ದಬ್ಬಳ ಚುಚ್ಚಿದರೆ ಆಚೆಯಿಂದ ಅತ್ತೆ ಎಳೆದುಕೊಂಡು ತಿರುಗಿ ಚುಚ್ಚುವುದು ಅವರ ಪದ್ಧತಿ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಇಷ್ಟು ವರ್ಷ ಜಗಳವಿಲ್ಲದೆ ಬಾಳಿದ್ದರ ಗುಟ್ಟು ಅದೇ ಎಂದು ಬೀದಿಯವರು ನಗುತ್ತಿದ್ದರು. ಈಗ ಆಚೆ ಹೋದ ದಬ್ಬಳ ಈಚೆ ಬರಲೇ ಇಲ್ಲ.

ಸೊಸೆಗೆ ಮೊದಲು ಆದದ್ದು ಹೊಟ್ಟೆಕಿಚ್ಚು. ಯಾರವಳು? ನೋಡಲು ಹೇಗಿದ್ದಾಳೆ? ಊಟಕ್ಕೆ ಎರಡು ಸಲ ಕರೆದರೂ ಬರದೆ ಮೂರನೆಯ ಸಲಕ್ಕೆ "ಆಗಲೇ ಕರೀಬಾರದಾ" ಎಂದು ರೇಗುವವನು ಅವನೆಂದು ಅವಳಿಗೆ ಗೊತ್ತಿದೆಯೇ? ಮೈಯೆಲ್ಲ ಉರಿದುಹೋಯಿತು. ಆ ಉರಿಯಲ್ಲೂ ಎಂಥ ಹಿತ! ಲಾರಿ ಚಾಲಕರ ಸಂಘದ ಮುಂದಾಳಾಗಿದ್ದ ಅವನನ್ನು ಪೊಲೀಸಿನವರು ನಂಬರ್ ಪ್ಲೇಟಿಲ್ಲದ ಜೀಪಿನಲ್ಲಿ ಎತ್ತಿ ಹಾಕಿಕೊಂಡು ಹೋದ ಮೇಲೆ ಅವಳು ಅಳು ಕಂಡಿದ್ದಳು, ಭಯ ಕಂಡಿದ್ದಳು, ಹೊಟ್ಟೆಕಿಚ್ಚೊಂದನ್ನು ಮರೆತೇಬಿಟ್ಟಿದ್ದಳು. ಬದುಕಿರುವ ಗಂಡನಿದ್ದರೆ ತಾನೇ ಅದೆಲ್ಲ. ಇನ್ನೊಂದು ಗಳಿಗೆ ಹೀಗೇ ಉರಿಯುತ್ತ ಕೂತಿರೋಣವೆನಿಸಿತು.

"ಬದುಕಿದ್ದಾನಲ್ಲೇ!" ಆಚೆಯಿಂದ ಅತ್ತೆಯ ದನಿ ಬಂತು. "ನಾನು ಬಡ್ಕೊಂಡಿರ್ಲಿಲ್ವಾ? ನನ್ನ ಮಗ ಎಲ್ಲಿದ್ರೂ ಗಟ್ಟಿಗ, ಬದುಕ್ತಾನೆ ಅಂತ?"

ವಕೀಲಮ್ಮ ಕರಿ ಕೋಟಿಗೆ ಅಂಟಿದ ಹತ್ತಿಯನ್ನು ಕೊಡವಿಕೊಂಡರು. ಅದು ಹೋಗುವ ಜಾತಿಯದಲ್ಲ.

"ಅಮ್ಮಾ, ಪೂರ್ತಿ ಕೇಳಿ. ನಾವು ವಿಶ್ವಸಂಸ್ಥೆಯ ಸಮಿತಿಗೆ ದೂರು ಕೊಟ್ಟಿದ್ವಲ್ಲ, ಅವರು 'ಕರ್ಕೊಂಡು ಹೋದ ಮನುಷ್ಯ ಎಲ್ಲಿ' ಅಂತ ಸರ್ಕಾರವನ್ನ ಬಿಡದೆ ಕೇಳ್ತಾ ಬಂದ್ರು. ಅದಕ್ಕೆ ಬಂದಿರೋ ಉತ್ತರ ಇದು. ಇದು ನಿಜವಾ ಅಂತ ಮನೆಯವರನ್ನ ಕೇಳೋದು ಆ ಸಮಿತಿ ಕ್ರಮ. ನೀವು ಹೂಂ ಅಂದ್ರೆ, ಇಲ್ಲಾ ಸುಮ್ಮನೆ ಇದ್ದುಬಿಟ್ರೂ, ಪತ್ತೆಯಾದ ಅಂತ ಬರೆದು ಪ್ರಕರಣ ಮುಗಿಸ್ತಾರೆ."

"ಮುಗಿಸ್ಲಿ ಬಿಡಮ್ಮ! ಪತ್ತೆಯಾದ ಮೇಲೆ ಇನ್ನೇನು?"

"ವಿಳಾಸ ಕೊಟ್ಟಿಲ್ಲ, ಒಂದು ಫೋಟೋ ಕೊಟ್ಟಿಲ್ಲ. ಹಿಂದಿನ ಬೀದಿ ಗ್ಯಾರೇಜ್ ಮೇಸ್ತ್ರಿ ಮನೆಗೂ ಇದೇ ಉತ್ತರ ಬಂದಿದೆ. ಅದೇ ದೇಶ, ಅದೇ ಎರಡನೇ ಮದುವೆ." ವಕೀಲಮ್ಮ ಕೋಟಿನಿಂದ ಇನ್ನೊಂದು ಎಳೆ ಹತ್ತಿ ಕಿತ್ತರು. "ಅವರನ್ನ ಎತ್ಕೊಂಡು ಹೋದಾಗ್ಲೇ ಪಾಪ, ಎಪ್ಪತ್ತು ದಾಟಿತ್ತು. ಕೋಲು ಬಿಟ್ಟು ನಡೆಯೋಕೆ ಆಗ್ತಿರ್ಲಿಲ್ಲ."

ಸೊಸೆಗೆ ನಗು ಬಂತು. ಈಗಷ್ಟೇ ಕಣ್ಣಿಗೆ ಕಟ್ಟಿದ್ದ ಆ ಮನೆ, ಆ ಹೆಂಗಸು, ಊಟಕ್ಕೆ ತಡಮಾಡುವ ಗಂಡ, ಯಾವುದೂ ಇರಲಿಲ್ಲ. ಎರಡನೆಯ ಸಲ ಅವನನ್ನು ಕಳೆದುಕೊಂಡ ಹಾಗಾಯಿತು.

"ಒಪ್ಪಲ್ಲ ಅಂದ್ರೆ ಏನ್ಮಾಡ್ತಾರೆ?" ಎಂದಳು.

"ಮತ್ತೆ ಕೇಳ್ತಾರೆ. ಯಾವ ಊರು, ಯಾವತ್ತು ಹೋದ, ಪುರಾವೆ ಎಲ್ಲಿ ಅಂತ. ನಿಮ್ಮ ಹತ್ರ ಸುಳ್ಳು ಹೇಳೋಕಾಗಲ್ಲ ಅಕ್ಕಾ, ಅವರು ಬಂದು ಬೀಗ ಒಡೆದು ಬಿಡಿಸೋರಲ್ಲ. ಕೇಳ್ತಾರೆ. ಕೇಳ್ತಾನೇ ಇರ್ತಾರೆ. ಅವರಿಗಿರೋ ಬಲ ಅಷ್ಟೇ."

"ಹಾಗಾದ್ರೆ ಒಪ್ಪಲ್ಲ ಅಂತ ತಿಳಿಸಿಬಿಡಿ."

ಹಾಸಿಗೆ ದೊಪ್ಪನೆ ಮಗುಚಿ ಬಿತ್ತು. ಆಚೆ ಅತ್ತೆ ಎದ್ದು ನಿಂತಿದ್ದರು. ತಲೆಯ ಮೇಲೆಲ್ಲ ಹತ್ತಿ, ಕೈಯಲ್ಲಿ ದಬ್ಬಳ.

"ನಿನಗೆ ಸವತಿ ಬೇಡ ಅಂತ ನನ್ನ ಮಗನ್ನ ಸಾಯಿಸ್ತೀಯೇನೇ? ಒಬ್ಬಳಲ್ಲ, ಹತ್ತು ಜನರನ್ನ ಕಟ್ಕೊಳ್ಳಲಿ. ಹೆತ್ತವಳನ್ನ ಮರೆತೇಬಿಡ್ಲಿ. ಎಲ್ಲೋ ಒಂದು ಕಡೆ ಹೊಟ್ಟೆ ತುಂಬ ಉಂಡ್ಕೊಂಡು ಇದ್ದಾನೆ ಅಂತ ಅಂದ್ಕೊಳ್ಳೋಕಾದ್ರೂ ಬಿಡೇ!"

ಈ ಅತ್ತೆ ಹೀಗೆ ದನಿ ಎತ್ತಿದ್ದನ್ನು ಅವಳು ಕಂಡೇ ಇರಲಿಲ್ಲ. ತಿರುಗಿ ಕೂಗಾಡಲು ಅವಳಿಗೂ ಆಗಲಿಲ್ಲ. ಮುದುಕಿ ಬೇಡಿದ್ದನ್ನೇ ಅವಳ ಮನಸ್ಸೂ ಬೇಡುತ್ತಿತ್ತು.

"ಸವತಿ ನಿಜವಾಗಿದ್ದಿದ್ರೆ ಅತ್ತೆ, ನಾನೇ ಕೈಯಾರೆ ಅವಳಿಗೊಂದು ಹಾಸಿಗೆ ಹೊಲಿದು ಕಳಿಸ್ತಿದ್ದೆ," ಎಂದಳು. "ನಾವು ಹೂಂ ಅಂದ್ರೆ ನಾಳೆಯಿಂದ ಅವರೆಲ್ಲಿ ಅಂತ ಕೇಳೋರು ಒಬ್ರೂ ಇರಲ್ಲ. ಯಾವುದೋ ಕೋಣೆಯಲ್ಲಿ, ಯಾರಾದ್ರೂ ಕೇಳ್ತಾರೆ ಅಂತ ಅವರು ಕಾಯ್ತಾ ಕೂತಿದ್ರೆ?"

ಅತ್ತೆ ದಬ್ಬಳವನ್ನು ಕೆಳಗಿಟ್ಟರು. ಬಿದ್ದ ಹಾಸಿಗೆಯ ಮೇಲೆ ಕುಸಿದು ಕೂತು, ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಒಪ್ಪುವುದಿಲ್ಲವೆಂದು ಬರೆದ ಕಾಗದದಲ್ಲಿ ವಕೀಲಮ್ಮ ತೋರಿಸಿದ ಕಡೆ ಸೊಸೆ ಸಹಿ ಮಾಡಿದಳು. ಅದು ಅವಳ ಸಹಿಯಂತೆಯೇ ಕಾಣಲಿಲ್ಲ, ಇನ್ನೊಮ್ಮೆ ಮಾಡಿಸಬೇಕಾಯಿತು.

ವಕೀಲಮ್ಮ ಮೆಟ್ಟಿಲಿಳಿದು ಬೀದಿಗೆ ಕಾಲಿಟ್ಟರೋ ಇಲ್ಲವೋ, ಅತ್ತೆ ಧಡಕ್ಕನೆ ಎದ್ದು ಹೊರಗೋಡಿದರು. ಮಹಡಿಯ ಕಂಬಿ ಹಿಡಿದು ಕೆಳಕ್ಕೆ ಬಗ್ಗಿ ಕೂಗಿದರು:

"ಏನಮ್ಮಾ ವಕೀಲಮ್ಮಾ, ಮಕ್ಕಳು ಮರಿ ಏನಾದ್ರೂ ಆಗಿದೆ ಅಂತ ಬರೆದಿದ್ದಾರಾ?"

ಒಳಗೆ ಸೊಸೆಯೂ ಉತ್ತರಕ್ಕೆ ಕಿವಿಗೊಟ್ಟಳು.