ಬಂಡೆಯ ಸಂದು

ಟಿವಿಯಲ್ಲಿ ವಿಡಿಯೊ ಗೇಮಿನ ಬೇಟೆಗಾರ ತೋಳಗಳಿಂದ ತಪ್ಪಿಸಿಕೊಳ್ಳಲು ಎರಡು ಬಂಡೆಗಳ ಸಂದಿಗೆ ಜಿಗಿದವನು ಅಲ್ಲೇ ಸಿಕ್ಕಿಹಾಕಿಕೊಂಡ. ಆಡುತ್ತಿದ್ದ ಮಗ ಎಲ್ಲ ಗುಂಡಿಗಳನ್ನೂ ಒತ್ತಿ ನೋಡಿದ. ಬೇಟೆಗಾರನ ತಲೆ ಮಾತ್ರ ಅತ್ತಿತ್ತ ಹೊರಳಿತು. ಆಟದಲ್ಲೇ ಏನೋ ದೋಷ. ಅವನನ್ನು ಗುಡಾರದಲ್ಲಿ ಒಮ್ಮೆ ಮಲಗಿಸಿದ್ದರೆ ಅಲ್ಲಿಯವರೆಗಿನ ಆಟವಾದರೂ ಸೇವ್ ಆಗಿ ಉಳಿಯುತ್ತಿತ್ತು. ಇನ್ನೊಂದು ಗುಡ್ಡ ದಾಟಿಬಿಡೋಣ ಎಂಬ ಆಸೆಗೆ ಮಗ ಮಲಗಿಸಿರಲಿಲ್ಲ.

"ಅವನ ಚೀಲದ ತುಂಬ ಮಾಂಸ ಇದೆಯಲ್ಲೋ, ತಿನ್ನಿಸೋ," ಎಂದಳು ಹಿಂದಿನ ಮಂಚದಿಂದ ಅಮ್ಮ. ಲಕ್ವ ಹೊಡೆದ ಮೇಲೆ ಅವಳಿಗೆ ದಿನವಿಡೀ ಕಾಣುವುದು ಆ ಟಿವಿ ಮತ್ತು ಮಗನ ಬೆನ್ನು.

"ಕೈಯೇ ಏಳ್ತಿಲ್ಲಮ್ಮ. ಏನು ಮಾಡಿದ್ರೂ ಅಷ್ಟೇ."

ಪರದೆಯ ಮೂಲೆಯಲ್ಲಿ ಅವನ ಹಸಿವು ತೋರಿಸುವ ಕೆಂಪು ಗೆರೆ ಕುಗ್ಗುತ್ತ ಬಂತು. ಸುರಿಯುತ್ತಿದ್ದ ಹಿಮ ಬೇಟೆಗಾರನ ಎದೆಮಟ್ಟಕ್ಕೆ ಏರಿತು. "ಸುಡುಗಾಡು ಆಟ! ಹಾಳಾಗ್ಹೋಗ್ಲಿ," ಎಂದು ಕೈಚೆಲ್ಲಿದ ಮಗ ಟಿವಿ ಆರಿಸಲು ಎದ್ದ.

"ಆರಿಸ್ಬೇಡ ಕಣೋ. ಇನ್ನೂ ಉಸಿರಾಡ್ತಿದಾನೆ ನೋಡು. ಬಿಡಿಸೋಕೆ ಆಗದಿದ್ರೆ ಬೇಡ, ಜೀವ ಹೋಗೋವರೆಗೆ ಜೊತೆಗೆ ಕೂತಿರು."

ಮಗ ತಿರುಗಿ ನೋಡಿದ. ಅಮ್ಮ ಟಿವಿಯನ್ನು ನೋಡುತ್ತಿರಲಿಲ್ಲ. ಅವನು ಬಂದು ಮಂಚದ ಮೇಲೆ, ಅವಳ ಅಲುಗದ ಕೈಯ ಪಕ್ಕ ಕೂತ.