ತಕ್ಕಡಿ ಹುಡುಗಿ

2025ರ ಫೆಬ್ರವರಿ 11, ಮಂಗಳವಾರ, ಬೆಳಿಗ್ಗೆ 11 ಗಂಟೆ 20 ನಿಮಿಷ. ಕುದೂರಿನ ಆಚೆ, ಸುಚೇತ ಫಾರ್ಮಾದ ಗೋದಾಮಿನಲ್ಲಿ ಅಸ್ರಾ ಎರಡು ಅಂಗೈಗಳಲ್ಲಿ ಎರಡು ಮಾತ್ರೆ ಹಿಡಿದು ಕಣ್ಣು ಮುಚ್ಚಿದ್ದಳು. ಎರಡೂ ಬಿಳಿ, ಎರಡೂ ಒಂದೇ ಗಾತ್ರ. ಬಲಗೈಯದು 510 ಮಿಲಿಗ್ರಾಂ. ಎಡಗೈಯದು 310.

ಪ್ಯಾಕಿಂಗ್ ಕೆಲಸಕ್ಕೆ ಸೇರಿ ಅಂದಿಗೆ ಮೂರನೆಯ ದಿನ.

ಅವಳ ಅಂಗೈ ಒಂದು ಮಿಲಿಗ್ರಾಂ ವ್ಯತ್ಯಾಸವನ್ನೂ ಹೇಳುತ್ತಿತ್ತು. ಅದು ಹೇಗೆಂದು ಅವಳು ಓದಿದ ಬಿ.ಎಸ್ಸಿ. ವಿವರಿಸಿರಲಿಲ್ಲ. ಕರಿ ಮಾಸ್ಕ್ ಹಾಕಿಕೊಂಡು ಎರಡು ವರ್ಷಗಳಲ್ಲಿ ರಾಮನಗರದ ಹನ್ನೊಂದು ಮೋಸಗಳನ್ನು ಹಿಡಿದಿದ್ದಳು. ಎಲ್ಲವೂ ರೇಷ್ಮೆಯವೇ: ನೂಲಿಗೆ ನೀರು ಕುಡಿಸಿ ಮಾರಿದವರು, ಒದ್ದೆ ಗೂಡು ಬೆರೆಸಿದವರು. ಜನ ವಿಡಿಯೊ ಹಾಕಿ 'ಸೂಪರ್‌ಹೀರೋ ತಕ್ಕಡಿ' ಎಂದು ಹೆಸರಿಟ್ಟರು. ನೂಲು ಬಿಚ್ಚುವ ಮನೆಯಲ್ಲಿ ಹುಟ್ಟಿದವಳು ಮೊದಲು ಕಲಿತ ಪಾಠ ಒಂದೇ: ಕಳ್ಳ ಮಾಲು ಭಾರವಿರುತ್ತದೆ.

ಈಗ ಸತ್ತಿದ್ದು ಮಕ್ಕಳು. ಒಂದೇ ತಿಂಗಳಲ್ಲಿ ಮೂವರು. ಮೂವರಿಗೂ ಫಿಟ್ಸ್, ಮೂವರೂ ನುಂಗುತ್ತಿದ್ದುದು ಸುಚೇತದ ಮಾತ್ರೆ. ಅಸ್ರಾಳ ತಂಗಿ, ಎಂಟು ವರ್ಷದ ಮೆಹ್ರೀನ್ ಕೂಡ ಅದನ್ನೇ ನುಂಗುತ್ತಿದ್ದಳು. ಬಣ್ಣ ಹಾಕಿದ ಬೇರೆ ಕಂಪನಿಯ ಮಾತ್ರೆಗೆ ಅವಳ ಮೈಯೆಲ್ಲ ದದ್ದು ಏಳುತ್ತಿತ್ತು.

ಚನ್ನಪಟ್ಟಣದಲ್ಲಿ ಮಗನನ್ನು ಕಳೆದುಕೊಂಡ ಗೊಂಬೆ ಕೆಲಸದ ಸಾಬೀರ್ ಹೇಳಿದ್ದ: "ಕಂಪನಿಯೋರು ಒಳ್ಳೇ ಜನ ಕಣಮ್ಮ. ಮಣ್ಣು ಮಾಡಿದ ಮಾರ್ನೇ ದಿನಾನೇ ಬಂದ್ರು. ಮಗೀನ ಮಾತ್ರೆ ಡಬ್ಬ ಕೈಯಾಗ್ ಹಿಡ್ಕಂಡು ಒಸಿ ಹೊತ್ತು ಅತ್ತುಬುಟ್ರು."

ಡಬ್ಬದಲ್ಲಿ ಉಳಿದಿದ್ದವೆಲ್ಲ 510. ಕಂಪನಿಯವರು ಹಾಗೇ ಬಂದುಹೋಗಿದ್ದ ಉಳಿದೆರಡು ಮನೆಗಳಲ್ಲೂ 510. ಅವನ್ನೇ ಪರೀಕ್ಷಿಸಿದ ಸರ್ಕಾರಿ ಲ್ಯಾಬು 'ಮಾತ್ರೆ ಸರಿಯಾಗಿದೆ' ಎಂದು ಬರೆದುಕೊಟ್ಟಿತ್ತು. ಲ್ಯಾಬನ್ನು ಕೊಳ್ಳಬಹುದು, ಅಂಗೈಯನ್ನು ಕೊಳ್ಳಲಾಗದು ಎಂದುಕೊಂಡಿದ್ದಳು ಅಸ್ರಾ. ಮೆಹ್ರೀನ್‌ಳ ಡಬ್ಬದಲ್ಲಿ ಎರಡೂ ಬೆರೆತಿದ್ದವು.

"ಏನವ್ವಾ ತಕ್ಕಡಿ, ತೂಕ ಆಯ್ತಾ?"

ಅವಳು ಕಣ್ಣು ಬಿಟ್ಟಳು. ಬಾಗಿಲಲ್ಲಿ ಮ್ಯಾನೇಜರ್ ಯೋಗಾನಂದ, ಅವನ ಹಿಂದೆ ಇಬ್ಬರು ಆಳುಗಳು.

"ನಿನ್ ವಿಡಿಯೊ ನನ್ ಮಗ್ಳು ದಿನಾ ನೋಡ್ತಾಳೆ. ಮಾಸ್ಕ್ ಹಾಕಂಡ್ರೆ ಗೊತ್ತಾಗಕಿಲ್ವಾ? ಹೇಳು, ಯಾವ್ದು ಕಳ್ಳ ಮಾಲು?"

ಅಸ್ರಾ ಬಲಗೈ ಚಾಚಿದಳು. "ಇದು. ಏನೋ ಬೆರೆಸಿದ್ದೀರ. ಮೂರು ಮನೇಲೂ ಇದೇ ಸಿಕ್ತು."

ಯೋಗಾನಂದ ಮಾತ್ರೆಯನ್ನು ನೋಡಿದ. ಅವಳನ್ನು ನೋಡಿದ. ನಿಧಾನವಾಗಿ ಉಸಿರು ಬಿಟ್ಟ.

"ರೇಷ್ಮೆ ಮನೆ ಹುಡ್ಗಿ. ನಿನ್ ಕೈ ಮುಂದೆ ನಾವೇನ್ ಹೇಳದೈತೆ!"

"ಪೊಲೀಸಿಗೆ ಹೋಗ್ತೀನಿ."

"ಹೋಗವ್ವ. ಅದ್ಕೂ ಮುಂಚೆ ಭಾರದ್ದೆಲ್ಲ ಅಂಗಡಿಗಳಿಂದ ನಾವೇ ವಾಪಸ್ ತರಿಸ್ತೀವಿ. ನೀನೇ ಕಂಡುಹಿಡಿದೆ ಅಂತಾನೂ ಹೇಳ್ತೀವಿ. ಸಾಕಾ?"

ಹೊಡೆತಕ್ಕೆ ಸಿದ್ಧಳಾಗಿದ್ದವಳು ಎರಡೂ ಮಾತ್ರೆ ಜೇಬಿಗೆ ಹಾಕಿಕೊಂಡು ಹೊರಟಳು. ಅವನೇ ಗೇಟಿನವರೆಗೆ ಬಂದು ಆಟೋ ಹತ್ತಿಸಿದ.

ಕಂಪನಿ ಮಾತು ಉಳಿಸಿಕೊಂಡಿತು. ಎರಡೇ ದಿನಗಳಲ್ಲಿ ಭಾರದ ಮಾತ್ರೆಗಳೆಲ್ಲ ವಾಪಸ್ ಹೋದವು. 'ಭಾರವಿದ್ದರೆ ಬಿಸಾಡಿ, ಹಗುರವಿದ್ದರೆ ನುಂಗಿಸಿ' ಎಂಬ ಅಸ್ರಾಳ ವಿಡಿಯೊವನ್ನು ನಾಲ್ಕು ಲಕ್ಷ ಜನ ನೋಡಿದರು. ಕನಕಪುರ, ಮಾಗಡಿಯ ತಾಯಂದಿರು ಅಕ್ಕಸಾಲಿಗರ ತಕ್ಕಡಿಯ ಮುಂದೆ ಮಾತ್ರೆ ಹಿಡಿದು ನಿಂತರು.

ಮನೆಯಲ್ಲಿ ತಾಯಿ ಸಫೂರಾ, ನೂಲಿನ ಬಿಸಿನೀರಿಗೆ ಬಿಳಿಚಿದ ಬೆರಳುಗಳಲ್ಲಿ ದಿನವೂ ಒಂದೊಂದು ಮಾತ್ರೆ ಎತ್ತಿ ಕೇಳುತ್ತಿದ್ದಳು: "ಇದು ಕೊಡ್ಲಾ ಬೇಟಿ?"

ಅಸ್ರಾ ತೂಗಿ ನೋಡುತ್ತಿದ್ದಳು. "ಕೊಡು ಅಮ್ಮೀ."

"ಆಪಾ, ನನ್ ತೂಕ ಹೇಳು," ಎಂದು ಮೆಹ್ರೀನ್ ಅಂಗೈ ಮೇಲೆ ಗಲ್ಲ ಊರುತ್ತಿದ್ದಳು.

"ಬಾಯಿ ಒಂದೇ ಐದು ಕೇಜಿ ಐತೆ. ಮುಚ್ಕೊಂಡು ನುಂಗೇ."

ಹತ್ತನೆಯ ದಿನ ಬೆಳಿಗ್ಗೆ ಶಾಲೆಗೆ ಜಡೆ ಹಾಕಿಸಿಕೊಳ್ಳುತ್ತಿದ್ದಾಗ ಮೆಹ್ರೀನ್‌ಳಿಗೆ ಫಿಟ್ಸ್ ಬಂತು. ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: "ಮಾತ್ರೆ ಯಾವಾಗ ನಿಲ್ಲಿಸಿದ್ರಿ?"

"ಒಂದು ಹೊತ್ತೂ ತಪ್ಪಿಸಿಲ್ಲ ಸಾರ್," ಎಂದಳು ಸಫೂರಾ.

ಮಧ್ಯಾಹ್ನದ ಹೊತ್ತಿಗೆ ಮೆಹ್ರೀನ್ ಇರಲಿಲ್ಲ.

ಮೂರು ದಿನಗಳ ನಂತರ ಅಸ್ರಾ ಗೋದಾಮಿನ ಆ ಎರಡು ಮಾತ್ರೆಗಳನ್ನು ಹಿಡಿದು ತನ್ನ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿಗೆ ಹೋದಳು. ಅವಳಿಗೆ ಪಾಠ ಹೇಳಿದ್ದ ಚೈತನ್ಯ ಮೇಡಂ ತೂಗಿದರು: 510, 310. "ನಿನ್ನ ಕೈ ತಪ್ಪಿಲ್ಲ ಅಸ್ರಾ," ಎಂದರು. ಆಮೇಲೆ ಪುಡಿ ಮಾಡಿ ಪರೀಕ್ಷಿಸಿದರು. ಅದಕ್ಕೆ ಎರಡು ಗಂಟೆ ಹಿಡಿಯಿತು. ಫಲಿತಾಂಶದ ಹಾಳೆಯನ್ನು ಮೇಜಿನ ಮೇಲೆ ಅವಳತ್ತ ಸರಿಸಿದರು. ಅದರಲ್ಲಿ ಎರಡೇ ಸಾಲುಗಳಿದ್ದವು.

ಭಾರದ ಮಾತ್ರೆಯಲ್ಲಿ ಫಿಟ್ಸ್ ಔಷಧಿ: 200 ಮಿಲಿಗ್ರಾಂ.

ಹಗುರ ಮಾತ್ರೆಯಲ್ಲಿ: 0 ಮಿಲಿಗ್ರಾಂ.