ಹುಳ ಏಳುವವರೆಗೆ

"ಮುಟ್ಬ್ಯಾಡ ಕಣಪ್ಪ!" ಚಿಕ್ಕಲಕ್ಷ್ಮಮ್ಮ ರೇಷ್ಮೆಹುಳುವಿನ ತಟ್ಟೆಗೆ ಅಡ್ಡ ನಿಂತರು. "ಹುಳ ಜ್ವರಕ್ಕೆ ಕುಂತವೆ, ಪೊರೆ ಬಿಡೋ ಹೊತ್ತು. ಈಗ ಅಳ್ಳಾಡ್ಸಿದ್ರೆ ಒಂದೂ ಉಳಿಯಾಕಿಲ್ಲ."

ಜಯಕುಮಾರನಿಗೆ ಅಳುವುದೊಂದು ಬಾಕಿ. ನೂರು ವರ್ಷಕ್ಕಿಂತ ಹಳೆಯ ಕಾದಂಬರಿಗಳ ಮೊದಲ ಮುದ್ರಣ ಹುಡುಕುವುದು ಅವನ ಹುಚ್ಚು. ಬಿಡದಿಯ ಹೊಸ ಕಾರ್ಖಾನೆಯ ಪಾಳಿಗೆ ಚಕ್ಕರ್ ಹೊಡೆದು ಕೈಲಾಂಚದ ಈ ಮನೆಗೆ ಬಂದಿದ್ದ. ಮೇಷ್ಟರಾಗಿದ್ದ ತಮ್ಮ ಮಾವನ ಪೆಟ್ಟಿಗೆಯಿಂದ ಆಕೆ ತೆಗೆದುಕೊಟ್ಟ ಪುಸ್ತಕ ಅಂಥದ್ದೇ ಇರಬೇಕು. ಆದರೆ ಇಸವಿ ಇದ್ದ ಮೊದಲ ಹಾಳೆಯೂ ಕೊನೆಯ ಹಾಳೆಯೂ ಕಳಚಿದ್ದವು. ದಂಡ ಯಾಕೆ ಎಂದು ಆಕೆ ಅವನ್ನು ತಟ್ಟೆಗೆ ಹಾಸಿ ಹುಳ ಬಿಟ್ಟಿದ್ದರು.

"ಒಸಿ ಎತ್ತಿ ತೆಗೆಯೋಕಾಗಲ್ವೇನಮ್ಮ?"

"ಜ್ವರ ಬಂದ ಮಗೀನ ಎಬ್ಬಿಸಿ ಹಾಸಿಗೆ ಕಿತ್ಕೊತೀಯಾ? ಸಂಜೆಗೆ ಏಳ್ತವೆ, ಕುಂತ್ಕೊ."

ಅವನು ತೆಪ್ಪಗೆ ಜಗಲಿಯಲ್ಲಿ ಕೂತ. ಹುಳಕ್ಕೆ ಸೊಪ್ಪು ಹೆಚ್ಚುತ್ತಾ ಆಕೆ ಕೇಳಿದರು, "ಅಂತಾದ್ದೇನೈತೆ ಅದ್ರಲ್ಲಿ? ಏನ್ ಕತೆ?"

ಜಯಕುಮಾರ ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿದ. ಅಚ್ಚಾದ ಊರು, ಕಾಗದ, ಹೊಲಿಗೆ ಕೇಳಿದ್ದರೆ ನಿದ್ದೆಯಲ್ಲೂ ಹೇಳುತ್ತಿದ್ದ. ಕತೆ? ಮನೆಯಲ್ಲಿದ್ದ ನಲವತ್ತು ಪುಸ್ತಕಗಳಲ್ಲಿ ಒಂದನ್ನೂ ಅವನು ಓದಿರಲಿಲ್ಲ. ಬಿಡಿಸಿದರೆ ಬೆನ್ನು ಮುರಿದೀತೆಂಬ ಭಯ.

"ಓದು, ಕೇಳನ. ಹೆಂಗೂ ಕುಂತಿದೀಯಲ್ಲ."

ಓದಿದ. ಮೊದಮೊದಲು ತಡವರಿಸಿದ, ಆಮೇಲೆ ಹರಿಯಿತು. ಗಂಡ ಹೊಳೆಪಾಲಾದನೆಂದು ಊರೇ ಹೇಳಿದರೂ ಬಳೆ ಒಡೆಸಿಕೊಳ್ಳಲು ಒಪ್ಪದ ಹೆಣ್ಣೊಬ್ಬಳ ಕತೆ. ನಡುವೆ ಮುದ್ದೆ ಉಂಡದ್ದಷ್ಟೇ ಬಿಡುವು. ಚಿಕ್ಕಲಕ್ಷ್ಮಮ್ಮ ಎರಡು ಸಲ ಸೆರಗಿನಿಂದ ಕಣ್ಣೊರೆಸಿಕೊಂಡರು. ಇಳಿಹೊತ್ತಿನಲ್ಲಿ, ದೋಣಿಯಿಂದ ಗಂಡಸೊಬ್ಬ ದಡಕ್ಕೆ ಇಳಿಯುವಲ್ಲಿಗೆ ಪುಟ ಮುಗಿಯಿತು. ಮುಂದಿನದು ಹುಳದ ಕೆಳಗೆ.

"ಅಯ್ಯೋ! ಬಂದೋನು ಅವ್ಳ ಗಂಡ್ನೇನಾ?" ಆಕೆ ತಡೆಯಲಾರದೆ ಎದ್ದು ತಟ್ಟೆಯ ಹತ್ತಿರ ಹೋದರು. ಹುಳಗಳು ತಲೆಯೆತ್ತಿ ಅಲುಗಾಡದೆ ಹಾಗೇ ನಿಂತಿದ್ದವು. "ಇನ್ನೂ ಎದ್ದಿಲ್ಲ" ಎಂದು ಕೈ ಹಿಸುಕಿಕೊಳ್ಳುತ್ತಾ ಬಂದು ಕೂತರು.

ಇಷ್ಟು ಕುತೂಹಲವಿದ್ದೂ ಹುಳ ಮುಟ್ಟಲಿಲ್ಲ, ಎಂಥ ಹೆಂಗಸಪ್ಪ ಇವರು, ಎಂದುಕೊಂಡ ಜಯಕುಮಾರ. ಅವನಿಗೆ ಕೈಮುಗಿಯಬೇಕೆನ್ನಿಸಿತು.

ದೀಪ ಹಚ್ಚುವ ಹೊತ್ತಿಗೆ ಹುಳ ಎದ್ದವು. ಆಕೆ ಎಳೆಸೊಪ್ಪು ಉದುರಿಸಿ, ಹುಳವೆಲ್ಲ ಅದರ ಮೇಲೆ ಹತ್ತುವವರೆಗೆ ಕಾದು, ಸೊಪ್ಪಿನ ಸಮೇತ ಅವನ್ನು ಬೇರೆ ತಟ್ಟೆಗೆ ಬಿಟ್ಟರು. ಆಮೇಲೆ ಎರಡೂ ಹಾಳೆ ಕೊಡವಿ ತಂದರು. ಹಿಕ್ಕೆಯ ಕಲೆ ಬಿಟ್ಟರೆ ಗಟ್ಟಿಯಾಗೇ ಇದ್ದವು.

"ತಗೊ, ನಿನ್ನ ಇಸವಿ."

ಜಯಕುಮಾರ ಮೊದಲ ಹಾಳೆಯನ್ನು ನೋಡದೆ ತೊಡೆಯ ಮೇಲೆ ಮಗುಚಿಟ್ಟು, ಇನ್ನೊಂದಕ್ಕೆ ಕೈಚಾಚಿದ.

"ಅದಿರ್ಲಿ ಕಣಮ್ಮ. ದೋಣಿ ಇಳಿದೋನು ಯಾರು, ಮೊದ್ಲು ನೋಡನ."